ಅತ್ತೆಮನೆಯ ಪ್ರಿಂಟರ್

ಪ್ರಿಂಟರ್ ಮತ್ತೆ ಕೆಟ್ಟಿದೆಯೆಂದು ಕಲ್ಲೇಶ ಫೋನಿನಲ್ಲಿ ಹೇಳಿದಾಗ ಸಂಗಣ್ಣನಿಗೆ ಮೊದಲು ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು, ಕೆನ್ನೆಯ ಸೋಪಿನ ನೊರೆ ಫೋನಿಗೆ ಮೆತ್ತಿಕೊಂಡದ್ದನ್ನು ಟವೆಲಿನಿಂದ ಒರೆಸುತ್ತಿರುವಾಗ. ಸತ್ತ ಹೆಂಡತಿಯ ತಮ್ಮನ ಮನೆಯಲ್ಲಿ ಒಂದು ಯಂತ್ರ ಕೆಟ್ಟಿತೆಂದು ಐವತ್ತರ ಹತ್ತಿರ ಬಂದ ಗಂಡಸೊಬ್ಬ ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹಲ್ಲು ಬಿಡುವುದೆಂದರೆ! ಅದೂ, ಅದು ಯಾಕೆ ಕೆಟ್ಟಿತೆಂಬುದು ಅವನಿಗೆ ಚೆನ್ನಾಗಿ ಗೊತ್ತಿರುವಾಗ. "ಏನಂತ ತೋರಸ್ತೈತಿ?" ಎಂದು ಡಾಕ್ಟರರ ಗತ್ತಿನಲ್ಲಿ ಕೇಳಿದ. "ಆಫ್‌ಲೈನ್ ಅಂತೈತಿ ಭಾವಾರ. ಪ್ರಿಂಟರ್ ಇಲ್ಲೇ ಕಣ್ಣ ಮುಂದ ಕುಂತೈತಿ, ಲೈಟ್ ಉರ್ಯಾಕತ್ತೈತಿ. ಕಂಪ್ಯೂಟರ್ ಮಾತ್ರ ಅದು ಮನ್ಯಾಗ ಇಲ್ಲೇ ಇಲ್ಲ ಅಂತೈತಿ." "ಡ್ರೈವರ್ ಹೋಗಿರಬೇಕು. ಈಗ ಹೊಂಟೆ," ಎಂದ ಸಂಗಣ್ಣ. ಡ್ರೈವರ್ ಎಲ್ಲಿಗೂ ಹೋಗಿರಲಿಲ್ಲ. ಫೋನಿಟ್ಟ ಮೇಲೆ ಇಸ್ತ್ರಿ ಮಾಡಿದ ಅಂಗಿ ಹುಡುಕಿದ. ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿಕೊಳ್ಳೋಣವೆಂದು ಹೆಚ್ಚಿಟ್ಟಿದ್ದ ಉಳ್ಳಾಗಡ್ಡಿಯನ್ನು ಫ್ರಿಜ್ಜಿಗೆ ತಳ್ಳಿದ. ಇವತ್ತು ಅಲ್ಲಿ ರೊಟ್ಟಿ ಇರುತ್ತದೆ.

ಹೆಂಡತಿ ಶೈಲಾ ಹೋದ ಮೇಲೆ ಹೈದರಾಬಾದಿನ ಬೇಗಂ ಬಜಾರಿನ ಆ ಮನೆಯ ಮೆಟ್ಟಿಲು ಹತ್ತಲು ಅವನಿಗೆ ಉಳಿದಿದ್ದ ಕಾರಣ ಆ ಪ್ರಿಂಟರ್ ಒಂದೇ. ಮಕ್ಕಳಿದ್ದಿದ್ದರೆ ಅಜ್ಜಿಯ ಮನೆ ಎಂದಾದರೂ ಕೈಹಿಡಿದು ಕರೆದುಕೊಂಡು ಹೋಗಬಹುದಿತ್ತು. ಮಗಳೇ ಇಲ್ಲದ ಮೇಲೆ ಅಳಿಯ ಯಾರು? ಯಾರೂ ಬರಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಅವಳು ತೀರಿಕೊಂಡ ವರ್ಷದ ಯುಗಾದಿಗೆ ಅವನು ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ನಾಚಾರಂನ ಬಾಡಿಗೆ ಮನೆಯಲ್ಲಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದ. ಅಳಿಯನಾದವನು ಕರೆಯದೆ ಹೋಗಬಾರದು. ಹೋದರೆ ಮರ್ಯಾದೆ ಇರುವುದಿಲ್ಲ. ಕೊನೆಗೆ ಎದ್ದು ಅಂಗಿ ಮಡಚಿಟ್ಟು ಹೋಟೆಲಿಗೆ ಹೋಗಿ ಇಡ್ಲಿ ತಿಂದ. ಆಮೇಲೆ ಯಾರದೋ ಮದುವೆಯಲ್ಲಿ ಬೀದರಿನ ಕಡೆಯ ವ್ಯಾಪಾರಿಯೊಬ್ಬ, "ಇವ್ರು ಯಾರು?" ಎಂದು ಕೇಳಿದಾಗ, ಕಲ್ಲೇಶ ಒಂದು ಕ್ಷಣ ತಡವರಿಸಿ, "ನಮ್ಮ ಮನಿ ಕಂಪ್ಯೂಟರ್ ಎಲ್ಲಾ ಇವರೇ ನೋಡ್ಕೋತಾರ್ರಿ" ಎಂದ. ಪಾಪ, ಅವನು ಅವಮಾನ ಮಾಡಬೇಕೆಂದು ಅಂದದ್ದಲ್ಲ. ಸತ್ತ ಅಕ್ಕನ ಹೆಸರನ್ನು ಮದುವೆಮನೆಯಲ್ಲಿ ಎತ್ತುವುದು ಬೇಡವೆಂದು ನಾಲಿಗೆಗೆ ಸಿಕ್ಕ ಮಾತನ್ನು ಅಂದುಬಿಟ್ಟ. ಆ ವ್ಯಾಪಾರಿ ತಕ್ಷಣ ತನ್ನ ಅಂಗಡಿಯ ಕಂಪ್ಯೂಟರಿನ ತೊಂದರೆ ಹೇಳತೊಡಗಿದ. ಕೈಯಲ್ಲಿ ಬುಂದಿ ಲಾಡು ಹಿಡಿದುಕೊಂಡು ಸಂಗಣ್ಣ ಅದಕ್ಕೂ ಪರಿಹಾರ ಹೇಳಿದ. ರಾತ್ರಿ ಮಲಗಿದಾಗ ಅವನಿಗೆ ನಾಚಿಕೆಯಾದದ್ದು ಆ ಪರಿಹಾರ ಹೇಳಿದ್ದಕ್ಕೆ.

ಕೋಠಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತೆಲುಗಿನಲ್ಲಿ ಯಾರಿಗೋ ಫೋನಿನಲ್ಲಿ, ನಾನು ಬರೋವರೆಗೂ ಯಾವುದನ್ನೂ ಮುಟ್ಟಬೇಡಿ ಎಂದು ಗದರಿಸುತ್ತಿದ್ದಳು. ಸಂಗಣ್ಣನೂ ಕಲ್ಲೇಶನಿಗೆ ಪ್ರತಿಸಲ ಹೇಳುವ ಮಾತು ಅದೇ: ನಾ ಬರೂತನಕ ಏನೂ ಮುಟ್ಟಬ್ಯಾಡ. ಯಾರಾದರೂ ಮುಟ್ಟಿದರೆ ಸರಿಹೋಗಿಬಿಡಬಹುದೆಂಬ ಭಯ. ತೊಂದರೆ ಅಷ್ಟು ಸಣ್ಣದು. ಮನೆಯ ವೈಫೈ ಪೆಟ್ಟಿಗೆ, ಆ ರೂಟರ್, ಪ್ರಿಂಟರಿಗೂ ಲ್ಯಾಪ್‌ಟಾಪಿಗೂ ಅಂಗಡಿಯ ಕಂಪ್ಯೂಟರಿಗೂ ಒಂದೊಂದು ನಂಬರಿನ ವಿಳಾಸ ಕೊಡುತ್ತದೆ. ಕರೆಂಟ್ ಹೋಗಿ ಬಂದರೆ ವಿಳಾಸಗಳು ಅದಲುಬದಲಾಗುತ್ತವೆ. ಕಂಪ್ಯೂಟರ್ ಪಾಪ ಹಳೆಯ ವಿಳಾಸದ ಬಾಗಿಲಿಗೇ ಹೋಗಿ ಬಡಿಯುತ್ತದೆ, ಬಾಡಿಗೆ ಮನೆ ಬದಲಿಸಿದವನ ಹಳೆಯ ಮನೆಗೆ ಕೊರಿಯರ್‌ನವನು ಹೋದ ಹಾಗೆ. ಪ್ರಿಂಟರಿಗೆ ಒಂದು ಕಾಯಂ ವಿಳಾಸ ಬರೆದುಕೊಟ್ಟರೆ ಮುಗಿಯಿತು, ಮತ್ತೆ ಕೆಡುವುದಿಲ್ಲ. ಮೊದಲ ಸಲ ಕರೆಂಟ್ ಹೋಗಿ ಕಲ್ಲೇಶ ಕರೆಸಿದಾಗ ಅದನ್ನೇ ಮಾಡಲು ಕೂತಿದ್ದ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಶೈಲಾ ಯಾವಾಗಲೂ ಕೂರುತ್ತಿದ್ದ ಬೆತ್ತದ ಕುರ್ಚಿಯಲ್ಲಿ ತಾನು ಕೂತಿದ್ದೇನೆಂಬುದು ಅವನಿಗೆ ಆಗ ತಿಳಿಯಿತು. ಬೆರಳು ಮೌಸಿನ ಮೇಲೆ ನಿಂತುಬಿಟ್ಟಿತು. ಮುಂದಿನ ಸಲ ಮಾಡಿದರಾಯಿತು ಎಂದುಕೊಂಡ. ಆ ಮುಂದಿನ ಸಲ ಬಂತು, ಅದರ ಮುಂದಿನದೂ ಬಂತು. ಅಷ್ಟಕ್ಕೇ ನಿಂತಿದ್ದರೆ ಸೋಮಾರಿತನ ಎನ್ನಬಹುದಿತ್ತು. ಈ ಬೇಸಿಗೆಯೆಲ್ಲ ಫೋನೇ ಬರಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗದೆ ಇರುತ್ತದೆಯೇ? ಮಳೆಗಾಲ ಹಿಡಿದ ಮೇಲೆ ಕೊನೆಗೊಮ್ಮೆ ಕರೆದರು. ಅವತ್ತು ಅವನು ರೂಟರಿನೊಳಗೆ ಹೊಕ್ಕು, ಅದು ಕೊಡುವ ವಿಳಾಸ ಎಷ್ಟು ದಿನ ನಡೆಯಬೇಕೆಂಬ ಗಡುವನ್ನು ಇಳಿಸಿ ಬಂದ, ಕರೆಂಟ್ ಹೋಗದಿದ್ದರೂ ಆಗಾಗ ತಾನಾಗಿಯೇ ಕೆಡುವ ಹಾಗೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ರೊಟ್ಟಿಗಾಗಿ ಮಾಡಿದೆ ಎಂದುಕೊಂಡರೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಹೊಟ್ಟೆಪಾಡಿಗೆ ಮನುಷ್ಯ ಏನೇನೋ ಮಾಡುತ್ತಾನೆ. ಒಂದು ಮನೆಯಲ್ಲಿ ಯಾರೋ ತನ್ನ ದಾರಿ ಕಾಯಲಿ ಎಂದು ಮಾಡಿದೆನಲ್ಲ, ಅದನ್ನು ಯಾರಿಗೆ ಹೇಳುವುದು?

ಭಾನುವಾರವಾದ್ದರಿಂದ ಬೇಗಂ ಬಜಾರಿನಲ್ಲಿ ಶಟರುಗಳು ಅರ್ಧಕ್ಕರ್ಧ ಇಳಿದಿದ್ದವು. ಮೆಣಸಿನಕಾಯಿಯ ಘಾಟು ಮಾತ್ರ ರಜೆ ತೆಗೆದುಕೊಂಡಿರಲಿಲ್ಲ. ಕಲ್ಲೇಶನ ಕಿರಾಣಿ ಹೋಲ್‌ಸೇಲ್ ಅಂಗಡಿ ಕೆಳಗೆ, ಮನೆ ಮೇಲೆ. ಮೆಟ್ಟಿಲು ಹತ್ತುವಾಗಲೇ ಒಳಗಿನ ಕೂಗಾಟ ಕೇಳಿಸಿತು. ಕಲ್ಲೇಶ ಮಗಳು ಪಿಂಕಿಯನ್ನು ಬೈಯುತ್ತಿದ್ದ. ಡಿಗ್ರಿಯಲ್ಲಿ ಓದುವ ಪಿಂಕಿ ನಾಳೆ ಕಾಲೇಜಿಗೆ ಒಂದು ಪ್ರಾಜೆಕ್ಟ್ ಕೊಡಬೇಕಿತ್ತಂತೆ, ಅದರ ಹಾಳೆಗಳು ಪ್ರಿಂಟ್ ಆಗಿರಲಿಲ್ಲ. "ಬರ್ರಿ ಭಾವಾರ, ನೀವೇ ಕೇಳ್ರಿ ಈಕಿನ್ನ. ಸಿನಿಮಾ, ಗಿನಿಮಾ ಏನೇನೋ ಇಳಿಸ್ಕೋತಾಳ. ಈಕಿ ಕೈ ಹಚ್ಚಿದಾಗಿಂದನ ಕೆಟ್ಟೈತಿ ಇದು. ಹೋದ ಸಲಾನೂ ಹಂಗ, ಈ ಸಲಾನೂ ಹಂಗ. ಇನ್ನ ಮ್ಯಾಲೆ ಲ್ಯಾಪ್‌ಟಾಪ್ ಮುಟ್ಟಿದ್ರ ಕೈ ಮುರೀತೀನಿ ಅಂದೀನಿ." ಪಿಂಕಿ ಗೋಡೆಗೆ ಒರಗಿ ನಿಂತಿದ್ದಳು, ಮೂಗು ಕೆಂಪಾಗಿತ್ತು. ಆದರೆ ಅವಳು ಅಪ್ಪನನ್ನು ನೋಡುತ್ತಿರಲಿಲ್ಲ, ಸಂಗಣ್ಣನನ್ನು ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ. ಪಿಂಕಿಯದೇನೂ ತಪ್ಪಿಲ್ಲ ಎಂಬ ಒಂದು ಮಾತು ಗಂಟಲವರೆಗೆ ಬಂದಿತ್ತು. ಹಾಗಾದರೆ ತಪ್ಪು ಯಾರದು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದಲ್ಲ. "ನೋಡೂಣು, ನೋಡೂಣು," ಎಂದಷ್ಟೇ ಅಂದ. ಹಾಗೆ ಅಂದದ್ದಕ್ಕೆ ತನ್ನ ಬಾಯನ್ನೇ ತಿವಿಯಬೇಕೆನ್ನಿಸಿತು.

ಅಡುಗೆಮನೆಯ ಬಾಗಿಲಲ್ಲಿ ಸೀರೆ ಸರಿಯಿತು. ಅತ್ತೆ ಬಸಲಿಂಗಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಚೌಕಟ್ಟಿನ ಆಚೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಅವರ ಮನೆತನದಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಹೈದರಾಬಾದಿಗೆ ಬಂದು ಎರಡು ತಲೆಮಾರಾಯಿತು, ಮನೆಯಲ್ಲಿ ವೈಫೈ ಬಂತು, ಸೊಸೆ ಸ್ಕೂಟಿ ಓಡಿಸುತ್ತಾಳೆ. ಆ ಸೆರಗೊಂದು ಮಾತ್ರ ಹಾಗೇ ಇದೆ. ಹೇಳುವುದನ್ನೆಲ್ಲ ಮೂರನೆಯವರ ಬಾಯಿಂದ ಹೇಳಿಸಬೇಕು. "ಪಿಂಕೀ, ಅಳಿಯಾರಿಗೆ ಕೇಳು, ನಾಷ್ಟಾ ಆಗೈತೇನಂತ." "ಆಗೈತಿ ಅಂತ ಹೇಳು," ಎಂದ ಸಂಗಣ್ಣ. "ಆಗೈತಂತ," ಎಂದಳು ಪಿಂಕಿ, ಮೂಗು ಒರೆಸಿಕೊಳ್ಳುತ್ತ. ಮೂವರೂ ಕೈಚಾಚಿದರೆ ಸಿಗುವಷ್ಟು ದೂರದಲ್ಲಿದ್ದರು. ಮೊದಲು ಈ ಕೆಲಸ ಶೈಲಾಳದಾಗಿತ್ತು. ನೀವಿಬ್ರೂ ನನ್ನ ಬಾಯಿಲೇ ಮಾತಾಡ್ತೀರಿ, ನನಗ ಪಗಾರ ಕೊಡ್ರಿ ಎಂದು ನಗುತ್ತಿದ್ದಳು. ಕೆಲವು ಸಲ ಬೇಕೆಂದೇ ಅದಲುಬದಲು ಮಾಡಿ ಹೇಳುವಳು. ಅವ್ವಾ, ನಿನ್ನ ಸಾರು ಉಪ್ಪಂತ. ನಾ ಎಲ್ಲಿ ಅಂದೆ ಎಂದು ಅವನು ಗಾಬರಿಯಾದರೆ ಸೆರಗಿನ ಒಳಗೆ ಮುದುಕಿಯ ಹೆಗಲು ನಗೆಯಿಂದ ಕುಲುಕುವುದು. ಆಸ್ಪತ್ರೆಯ ಕೊನೆಯ ದಿನ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದರು. ಕಲ್ಲೇಶ ಔಷಧಿಗೆ ಓಡಾಡುತ್ತಿದ್ದ. ನಡುವೆ ಯಾರೂ ಇರಲಿಲ್ಲವಾದ್ದರಿಂದ ಅವರು ಒಂದು ಮಾತೂ ಆಡಲಿಲ್ಲ. ನರ್ಸ್ ಬಂದು ವಿಷಯ ಹೇಳಿದ್ದು ತೆಲುಗಿನಲ್ಲಿ. ಅದು ಮುದುಕಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಅವನು ತಿರುಗಿ ನೋಡಿದ. ಅವಳು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಿದ್ದಳು.

ಸಂಗಣ್ಣ ಬೆತ್ತದ ಕುರ್ಚಿಯಲ್ಲಿ ಕೂತು ಪೂಜೆ ಶುರುಮಾಡಿದ. ಮಾಡಬೇಕಾದದ್ದು ಏನೂ ಇಲ್ಲವೆಂದು ಗೊತ್ತಿದ್ದೂ ಎಲ್ಲವನ್ನೂ ಮಾಡಿದ. ಪ್ರಿಂಟರಿನ ಸ್ವಿಚ್ಚು ಆರಿಸಿ ಹೊತ್ತಿಸಿದ. ಹಳೆಯ ಡ್ರೈವರನ್ನು ಕಿತ್ತುಹಾಕಿದ. ಹೊಸದನ್ನು ಇಳಿಸಿಕೊಳ್ಳಲು ಹಚ್ಚಿ, ಪರದೆಯ ಮೇಲೆ ಹಸಿರು ಗೆರೆ ಹರಿಯುವುದನ್ನು ಹುಬ್ಬು ಗಂಟಿಕ್ಕಿ ನೋಡಿದ. ಲ್ಯಾಪ್‌ಟಾಪನ್ನು ಮರುಚಾಲೂ ಮಾಡಿದ. ಮೊದಲೊಮ್ಮೆ ಬಸಲಿಂಗಮ್ಮ ಪಿಂಕಿಯ ಮೂಲಕ ಡ್ರೈವರ್ ಎಂದರೇನೆಂದು ಕೇಳಿಸಿದಾಗ, ಕಂಪ್ಯೂಟರಿನ ಮಾತು ಪ್ರಿಂಟರಿಗೆ ತಿಳಿಯುವುದಿಲ್ಲ, ಇವನ ಮಾತು ಅವನಿಗೆ ಮುಟ್ಟಿಸುವವನು ಡ್ರೈವರ್ ಎಂದು ವಿವರಿಸಿದ್ದ. "ಅಂದ್ರ ಈ ಮನ್ಯಾಗ ನಾನೂ ಡ್ರೈವರ್ ಆದೆ," ಎಂದು ಪಿಂಕಿ ನಕ್ಕಿದ್ದಳು. ಮುದುಕಿ ನಕ್ಕಿರಲಿಲ್ಲ. ಈಗ ಅವಳು ಅವರೆಕಾಯಿ ಸುಲಿಯುತ್ತ ಪಿಂಕಿಗೆ ಕತೆ ಹೇಳತೊಡಗಿದ್ದಳು. "ನಿಮ್ಮತ್ತಿ ಸಣ್ಣಾಕಿದ್ದಾಗ ಏನ್ ಮಾಡಿದ್ಲು ಗೊತ್ತೇನು? ಅಂಗಡ್ಯಾಗ ಬೆಲ್ಲದ ಪೆಂಟಿ, ಆ ದೊಡ್ಡ ಉಂಡಿ ಒಳಗ ಬೆರಳು ಹಾಕಿ ತೂತು ಕೊರದು, ಇಲಿ ತಿಂದೈತಿ ಅಂತ ಸುಳ್ಳ ಹೇಳ್ತಿದ್ಲು. ನಿಮ್ಮಜ್ಜ ಬೋನು ತಂದಿಟ್ಟ. ಆ ಬೋನಿನ್ಯಾಗ ಈಕಿದ ಬೆರಳು ಸಿಕ್ಕೊಂತು." ಅವನು ಬಂದಾಗಲೆಲ್ಲ ಇಂಥದೊಂದು ಕತೆ ಇರುತ್ತಿತ್ತು. ಮುದುಕರ ಬಾಯಿ, ಸುಮ್ಮನಿರದು ಎಂದುಕೊಂಡು ಅವನು ಅರೆಗಿವಿಯಲ್ಲಿ ಕೇಳುತ್ತಿದ್ದ. ಶೈಲಾಳ ಬಲಗೈಯ ತೋರುಬೆರಳಿನ ಉಗುರು ಸೊಟ್ಟಗಿತ್ತು. ಇಷ್ಟು ವರ್ಷ ಹಿಡಿದ ಕೈ, ಯಾಕೆ ಸೊಟ್ಟ ಎಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಅವನಿಗೆ ಆ ಹಸಿರು ಗೆರೆಯ ಎದುರು ಕೂತು ಸಂಕಟವಾಯಿತು.

"ಸತ್ತವರ ಸುದ್ದಿ ಎದಕ್ಕವ್ವಾ ಈಗ," ಎಂದು ಕಲ್ಲೇಶ ಒಳಗಿನಿಂದ ಬಂದ. ಅವನಿಗೆ ಅಕ್ಕನ ಮಾತು ಬಂದರೆ ತಡೆಯದು, ಸಿಟ್ಟು ಮಾಡಿ ಎದ್ದುಹೋಗುತ್ತಾನೆ. ಮುದುಕಿ ಕತೆ ಬಿಟ್ಟು ಅವರೆಕಾಯಿಗೆ ಕೈಹಾಕಿದಳು. ಕಲ್ಲೇಶ ಸಂಗಣ್ಣನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, ನಿಜವಾದ ಕಾಳಜಿಯಿಂದಲೇ ಹೇಳಿದ: "ಭಾವಾರ, ನಿಮಗೂ ಸುಮ್ನ ತ್ರಾಸ. ಅಷ್ಟು ದೂರದಿಂದ ಬಸ್ಸಿನ್ಯಾಗ ಬರ್ತೀರಿ. ಇದು ಈ ಸಲ ಛಲೋ ಆದ್ರ ಛಲೋ, ಮತ್ತ ಕೆಟ್ರ ಬಿಸಾಕಿ ಹೊಸಾದು ತಂದ್ಬಿಡ್ತೀನಿ. ಕಂಪನಿಯವರೇ ಬಂದು ಹಚ್ಚಿಕೊಟ್ಟು ಹೋಗ್ತಾರಂತ, ಕೆಟ್ರ ಅವರೇ ಬರ್ತಾರಂತ. ನೀವು ಆರಾಮಿರ್ರಿ." ಸಂಗಣ್ಣ ತಲೆಯಾಡಿಸಿದ. ಅಷ್ಟೇ, ಇಷ್ಟು ಸುಲಭ. ಕೆಟ್ಟರೂ ಅವನು ಬೇಡ, ಕೆಡದಿದ್ದರೂ ಬೇಡ. ಮುಂದಿನ ಯುಗಾದಿಗೆ ಅಂಗಿ ತೊಟ್ಟು ಕೂರುವ ಕೆಲಸವೂ ಉಳಿಯಲಿಲ್ಲ. "ಖರೇ ಐತಿ," ಎಂದ. ಕಲ್ಲೇಶನ ಹೆಂಡತಿ ಶಿವದೇವಿ ಚಹಾ ತಂದಿಟ್ಟಳು. ಅವನಿಗೆ ಮಾತ್ರ ಬಸಿಯ ಮೇಲಿಟ್ಟ ಕಪ್ಪು, ಮನೆಯವರಿಗೆಲ್ಲ ಸ್ಟೀಲ್ ಲೋಟ. ಇಷ್ಟು ದಿನ ಆ ಬಸಿಯನ್ನು ಅಳಿಯನ ಮರ್ಯಾದೆ ಎಂದುಕೊಂಡಿದ್ದ. ರಿಪೇರಿಗೆ ಬಂದವರಿಗೂ ಇವರು ಬಸಿಯಲ್ಲೇ ಕೊಡುತ್ತಾರೇನೋ.

ಕಲ್ಲೇಶ ಮೊಸರು ತರಲು ಕೆಳಗಿಳಿದ. ಶಿವದೇವಿ ಒಲೆಯ ಮುಂದೆ ಹೋದಳು. ಬಸಲಿಂಗಮ್ಮ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಪಿಂಕಿ ಬಂದು ಪ್ರಿಂಟರಿನ ಮೇಲೆ ಕೈಯೂರಿ ನಿಂತಳು. "ಮಾಮಾ, ಎಷ್ಟೊತ್ತು ಆ ಡ್ರೈವರ್ ಹಾಕ್ತೀರಿ? ಅದರದೇನೂ ಇಲ್ಲಲ್ಲ." ಸಂಗಣ್ಣ ಮೌಸಿನಿಂದ ಕೈ ತೆಗೆದ. "ಪ್ರಿಂಟರಿಗೆ ಪಕ್ಕಾ ಅಡ್ರೆಸ್ ಕೊಟ್ರ ಆತು. ನಾ ಬ್ಯಾಸಿಗ್ಯಾಗ ಕೊಟ್ಟಿದ್ದೆ, ಕಾಲೇಜಿನ್ಯಾಗ ಕಲಿಸಿದ್ರು. ಮಸ್ತ್ ನಡೀತು. ಅದಕ ನಿಮಗ ಫೋನ್ ಬರಲಿಲ್ಲ." ಅವಳು ತನ್ನ ಉಗುರಿನ ಬಣ್ಣ ಕೆರೆಯುತ್ತ ಹೇಳುತ್ತಿದ್ದಳು, ಯಾವುದೋ ಸಾಮಾನಿನ ಸುದ್ದಿ ಹೇಳುವ ಹಾಗೆ. "ಆಮ್ಯಾಲೆ ಅಜ್ಜಿ ದಿನಾ ಕೇಳಾಕ ಹತ್ತಿದ್ಲು. ಯಾಕ ಪ್ರಿಂಟರ್ ಕೆಡವಲ್ದು, ಯಾಕ ಕೆಡವಲ್ದು ಅಂತ. ನಾ ಸರಿ ಮಾಡೀನಿ ಅಂದ್ರ ಬೈದ್ಲು. ಮೊದಲಿದ್ದಂಗ ಮಾಡು ಅಂದ್ಲು. ನಾ ತೆಗದುಬಿಟ್ಟೆ. ಹೋದ ಸಲ ನೀವು ಬಂದು ಹೋದ ಮ್ಯಾಲೆ ನೋಡಿದ್ರ, ನೀವೂ ರೂಟರಿನ್ಯಾಗ ಗಡುವು ಇಳಿಸಿಟ್ಟೀರಿ." ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. "ಅಜ್ಜಿಗೆ ಹೇಳ್ದೆ ಮಾಮಾ. ಆಕಿ ಸಿಟ್ಟಾಗಲಿಲ್ಲ. ಪಾಪ, ಬಂದು ಉಂಡು ಹೋಗ್ತಾರ, ಬಿಡು ಅಂದ್ಲು." "ಮತ್ತ ನಿಮ್ಮಪ್ಪ ನಿನ್ನ ಬೈಯೂಮುಂದ...?" "ಅಪ್ಪನ ಬೈಗಳೇನ್ ಹೊಸಾದೇನ್ರೀ," ಎಂದು ಪಿಂಕಿ ಅಂದಳು. ಆದರೆ ಅವಳ ಮೂಗು ಇನ್ನೂ ಕೆಂಪಾಗಿಯೇ ಇತ್ತು.

ಪಾಪ. ಉಳಿದ ಮಾತುಗಳೆಲ್ಲ ಕರಗಿಹೋಗಿ ಆ ಒಂದು ಶಬ್ದ ಹಲ್ಲಿನ ಸಂದಿಯ ಅಡಕೆಚೂರಿನಂತೆ ಉಳಿಯಿತು. ಹಾಗಾದರೆ ಎಲ್ಲ ಗೊತ್ತಿತ್ತು. ಹುಬ್ಬು ಗಂಟಿಕ್ಕಿ ಪರದೆ ನೋಡುತ್ತಿದ್ದಾಗ, ಡ್ರೈವರ್ ಹೋಗಿದೆ ಎಂದು ಗಾಂಭೀರ್ಯದಿಂದ ಹೇಳುತ್ತಿದ್ದಾಗ, ಇನ್ನೊಂದು ರೊಟ್ಟಿ ಬೇಡ ಬೇಡ ಎನ್ನುತ್ತ ತಟ್ಟೆಯನ್ನು ಮುಂದೆ ಸರಿಸುತ್ತಿದ್ದಾಗ, ಸೆರಗಿನ ಒಳಗಿನಿಂದ ಎರಡು ಕಣ್ಣು ಇವನನ್ನು ಪಾಪ ಎಂದು ನೋಡುತ್ತಿದ್ದವು. ಬಾಗಿಲಿಗೆ ಬಂದ ಜಂಗಮನಿಗಾದರೂ ನೀಡಿಸಿಕೊಳ್ಳುವ ಹಕ್ಕಿರುತ್ತದೆ, ಬೆತ್ತ ಊರಿ ಧೈರ್ಯವಾಗಿ ನಿಲ್ಲುತ್ತಾನೆ. ಇವನು ಯಂತ್ರ ಕೆಡಿಸಿ ತಿಂದ. ಕಳ್ಳತನ ಗೊತ್ತಾಗಿ ಕಳ್ಳನನ್ನು ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು; ಗೊತ್ತಾಗಿಯೂ ತಟ್ಟೆ ಹಾಕಿದರು. ಆ ಕುರ್ಚಿ, ಆ ಬಸಿ, ಒಳಗಿನಿಂದ ಬರುತ್ತಿದ್ದ ಬದನೆಕಾಯಿ ಎಣಗಾಯಿಯ ವಾಸನೆ ಎಲ್ಲದರ ಮೇಲೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಆ ಮುದುಕಿಯ ಮೇಲೆ.

ಆ ಸಿಟ್ಟಿನಲ್ಲೇ ಅವನು ರೂಟರಿನ ಒಳಗೆ ಹೋದ. ತಾನು ಇಳಿಸಿದ್ದ ಗಡುವನ್ನು ಮೊದಲಿನ ಜಾಗಕ್ಕೆ ಏರಿಸಿದ. ಪ್ರಿಂಟರಿಗೆ ಒಂದು ವಿಳಾಸ ಕೊಟ್ಟು, ಅದನ್ನು ಬೇರೆ ಯಾರಿಗೂ ಕೊಡದಂತೆ ಕಟ್ಟಿಹಾಕಿದ. ಕೆಳಗಿನ ಅಂಗಡಿಯ ಕಂಪ್ಯೂಟರಿಗೂ ಪಿಂಕಿಯ ಲ್ಯಾಪ್‌ಟಾಪಿಗೂ ಆ ವಿಳಾಸವನ್ನೇ ಹೇಳಿಕೊಟ್ಟ. ಎಷ್ಟು ಚೊಕ್ಕವಾಗಿ ಮಾಡಿದನೆಂದರೆ, ಇನ್ನು ಹೈದರಾಬಾದಿನ ಕರೆಂಟೆಲ್ಲ ಹೋಗಿ ಬಂದರೂ ಅದು ಅಲುಗುವ ಹಾಗಿರಲಿಲ್ಲ. ಕೊನೆಗೆ ರೂಟರಿಗೊಂದು ಹೊಸ ಪಾಸ್‌ವರ್ಡ್ ಹಾಕಿದ. ಅದನ್ನು ಪಿಂಕಿಗೂ ಹೇಳಲಿಲ್ಲ. ಮುದುಕಿ ಮತ್ತೆ ಮೊದಲಿದ್ದಂಗ ಮಾಡು ಎಂದರೆ? ಇನ್ನು ಯಾರೂ ಅವನಿಗೆ ಪಾಪ ಎನ್ನುವ ಹಾಗಿಲ್ಲ. ಪಿಂಕಿ ಪಕ್ಕದಲ್ಲೇ ನಿಂತು ನೋಡಿದಳು. "ಪೂರಾನೇ ಬಂದ್ ಮಾಡಿಬಿಟ್ರಾ ಮಾಮಾ," ಎಂದಳು, ಪ್ರಶ್ನೆಯೋ ಅಲ್ಲವೋ ತಿಳಿಯದ ಹಾಗೆ. ಅವನು ಪ್ರಿಂಟ್ ಒತ್ತಿದ. ಪರೀಕ್ಷೆಯ ಹಾಳೆಯೊಂದು ಕರ್ ಎಂದು ಹೊರಬಂತು, ಬಣ್ಣದ ಪಟ್ಟಿಗಳು, ಕೆಳಗೆ ಇಂಗ್ಲಿಷಿನಲ್ಲಿ ಅಭಿನಂದನೆ.

ಊಟಕ್ಕೆ ಕೂತಾಗ ಅವನು ಕಲ್ಲೇಶನಿಗೆ, "ಪಿಂಕೀದೇನೂ ತಪ್ಪಿಲ್ಲ. ರೂಟರಿನ ಸೆಟ್ಟಿಂಗೇ ತಪ್ಪಿತ್ತು. ಸುಮ್ನ ಬೈಬ್ಯಾಡ ಹುಡುಗೀನ," ಎಂದ. ಆ ಸೆಟ್ಟಿಂಗು ಯಾರು ತಪ್ಪಿಸಿದರೆಂದು ಹೇಳುವ ಎದೆ ಆಗಲೂ ಬರಲಿಲ್ಲ. ಅರ್ಧ ಸತ್ಯ ಹೇಳಿ ಪೂರ್ತಿ ಪುಣ್ಯ ಕಟ್ಟಿಕೊಂಡವನ ಹಾಗೆ ರೊಟ್ಟಿ ಮುರಿದ. ಕಲ್ಲೇಶ ಮಗಳ ಕಡೆ ನೋಡಿ, ಹೌದೇನು ಎಂಬಂತೆ ತಲೆಯಾಡಿಸಿ, ಅವಳ ತಟ್ಟೆಗೆ ತನ್ನ ಮೊಸರಿನ ಬಟ್ಟಲು ಸರಿಸಿದ. "ಅಂದ್ರ ಇನ್ನ ಕೆಡಂಗಿಲ್ಲಲ್ರೀ ಭಾವಾರ?" "ಇನ್ನ ಕೆಡಂಗಿಲ್ಲ," ಎಂದ ಸಂಗಣ್ಣ, ಅಡುಗೆಮನೆಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಎರಡನೆಯ ರೊಟ್ಟಿಗೇ ಅವನು ಕೈ ಅಡ್ಡ ಹಿಡಿದ. ಹಸಿವು ಇತ್ತು, ಹಟವೂ ಇತ್ತು. "ಪಿಂಕೀ, ಅಳಿಯಾರಿಗೆ ಕೇಳು, ಯಾಕ ಉಣವಲ್ರು ಅಂತ." "ಸಾಕಾತು ಅಂತ ಹೇಳು." "ಸಾಕಾತಂತ ಅಜ್ಜಿ." ಪಿಂಕಿ ಕೈತೊಳೆಯಲು ಎದ್ದವಳು ಅವನ ಬೆನ್ನ ಹಿಂದೆ ಹಾಯುವಾಗ ಬಗ್ಗಿ, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಅಂದಳು: "ನೀವು ಬಂದ ದಿನ ಅಷ್ಟ ಮಾಮಾ ಅಜ್ಜಿ ಅತ್ತಿ ಸುದ್ದಿ ಮಾತಾಡೂದು. ಉಳದ ದಿನ ಈ ಮನ್ಯಾಗ ಆಕಿ ಹೆಸರ ಯಾರೂ ತಗಿಯಂಗಿಲ್ಲ. ಅಪ್ಪ ಒದರ್ತಾನ." ಹೇಳಿ ಹೊರಟುಹೋದಳು.

ಸಂಗಣ್ಣ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಇಳಿಸಿದ. ಬೆಲ್ಲದ ಪೆಂಟಿ, ಇಲಿಯ ಬೋನು. ಅದಕ್ಕೂ ಹಿಂದಿನ ಸಲ ಶಾಲೆಯ ಗೋಡೆ ಹಾರಿ ಕುಂಟುತ್ತ ಬಂದ ಕತೆ. ಅದಕ್ಕೂ ಹಿಂದೆ, ಅವನು ಹೆಣ್ಣು ನೋಡಲು ಬಂದ ದಿನ ಹುಡುಗನ ಮೂಗು ಉದ್ದವೆಂದು ಶೈಲಾ ಅಡುಗೆಮನೆಯಲ್ಲಿ ಅತ್ತ ಕತೆ. ಅದನ್ನು ಕೇಳಿ ಅವನು ಲ್ಯಾಪ್‌ಟಾಪಿನ ಪರದೆಯ ಹಿಂದೆ ಮೂಗು ಮುಟ್ಟಿ ನೋಡಿಕೊಂಡಿದ್ದ. ಪಿಂಕಿಗೆ ಆ ಕತೆಗಳೆಲ್ಲ ಗೊತ್ತಿದ್ದವು, ಅವಳು ಎಷ್ಟೋ ಸಲ ಆಕಳಿಸುತ್ತಿದ್ದಳು. ಹಾಗಾದರೆ ಅವು ಯಾರಿಗೆ? ಸಂಗಣ್ಣ ತಟ್ಟೆಯಲ್ಲೇ ಕೈತೊಳೆದು ಎದ್ದ. ಇನ್ನೂ ಏನೋ ಮಾಡಬಹುದು, ಒಂದು ನಿಮಿಷ ಲ್ಯಾಪ್‌ಟಾಪಿನ ಮುಂದೆ ಕೂತರೆ ಸಾಕು ಎಂದು ಹಾಲಿಗೆ ಬಂದ. ಆಗಲೇ ಕಲ್ಲೇಶ ಮಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ, ಬೈದದ್ದನ್ನು ತುಂಬಿಕೊಡಲೆಂದೋ ಏನೋ ಹಾಳೆಗಳನ್ನು ತಾನೇ ಜೋಡಿಸಿಕೊಡುತ್ತಿದ್ದ. "ಶಹಬಾಸ್ ಭಾವಾರ, ಕ್ಯಾ ಸ್ಪೀಡ್ ಐತ್ರೀ! ಮೊದಲೇ ಹಿಂಗ ಮಾಡಿದ್ರ ಆಗ್ತಿತ್ತಲ್ಲ." ಅಪ್ಪ ಮಗಳ ತಲೆಗಳು ಒಂದೇ ಪರದೆಯ ಮುಂದೆ ಬಗ್ಗಿದ್ದವು. ಅವರನ್ನು ಎಬ್ಬಿಸಿ, ಸರಿಹೋದದ್ದನ್ನು ಕೆಡಿಸುತ್ತೇನೆ ಸ್ವಲ್ಪ ಸರಿಯಿರಿ ಎಂದು ಹೇಳಲು ಸಾಧ್ಯವೇ? "ಬರ್ತೀನಿ," ಎಂದ. "ಹೂನ್ರಿ, ಆಗಾಗ ಬರ್ತಿರ್ರಿ," ಎಂದ ಕಲ್ಲೇಶ ತಲೆಯೆತ್ತದೆ, ಎಲ್ಲರಿಗೂ ಹೇಳುವ ಹಾಗೆ.

ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಾರು ಹಾಕಿಕೊಳ್ಳುತ್ತಿದ್ದಾಗ ಹಿಂದೆ ಬಳೆಯ ಸಪ್ಪಳವಾಯಿತು. ಬಸಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಇನ್ನೊಂದು ಕೈಯಲ್ಲಿ ರೊಟ್ಟಿ ಸುತ್ತಿದ ಬಟ್ಟೆ. ಸೆರಗು ಹಣೆಯ ಮೇಲೇ ಇತ್ತು. ಅವಳು ಒಳಗೆ ತಿರುಗಿ, "ಪಿಂಕೀ" ಎಂದಳು. ಪ್ರಿಂಟರಿನ ಸದ್ದಿನಲ್ಲಿ ಪಿಂಕಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕರೆದಳು. ಸಂಗಣ್ಣ ಎದ್ದು ನಿಂತು ಗೋಡೆಯ ಸುಣ್ಣ ನೋಡುತ್ತ ಕಾದ. ಇಬ್ಬರ ನಡುವೆ ಆಸ್ಪತ್ರೆಯ ಬೆಂಚಿನಷ್ಟೇ ಜಾಗವಿತ್ತು. ಯಾರೂ ಬರಲಿಲ್ಲ. ಅವಳು ಗಂಟನ್ನು ಅವನ ಕಡೆ ಚಾಚಿದಳು. ಆಮೇಲೆ, ಅವನು ಆ ಮನೆಯ ಅಳಿಯನಾದ ಮೇಲೆ ಮೊದಲ ಸಲ, ಅವನ ಮುಖವನ್ನೇ ನೋಡಿ ಕೇಳಿದಳು:

"ಪೂರಾ ರಿಪೇರಿ ಮಾಡಿಬಿಟ್ರಲ್ರೀ. ಇನ್ನ ನಾ ಏನ್ ನೆಪ ಹೇಳಿ ನಿಮ್ಮನ್ನ ಕರಸಲ್ರೀ?"

ಅವಳ ಕಣ್ಣುಗಳು ಶೈಲಾಳ ಕಣ್ಣಿನ ಹಾಗೇ ಇದ್ದವು. ಅದನ್ನು ಅವನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಏನಾದರೂ ಹೇಳಬೇಕಿತ್ತು. ನೆಪ ಬೇಡ, ಸುಮ್ಮನೆ ಕರೆಯಿರಿ ಎನ್ನಬಹುದಿತ್ತು. ಕರೆಯದಿದ್ದರೂ ಬರುತ್ತೇನೆ ಎನ್ನಬಹುದಿತ್ತು. ಗಂಟು ಇನ್ನೂ ಬಿಸಿಯಿತ್ತು. ಅವನ ಬಾಯಿ ತೆರೆಯಿತು, ಅಭ್ಯಾಸ ಬಲದಿಂದ "ಪಿಂಕೀ, ಅತ್ಯಾರಿಗೆ ಹೇಳು" ಎಂದು ಶುರುಮಾಡಿ ಅಲ್ಲಿಗೇ ನಿಂತಿತು. ಒಳಗೆ ಪ್ರಿಂಟರ್ ಎಲ್ಲೂ ತಡೆಯದೆ ಒಂದರ ಮೇಲೊಂದು ಹಾಳೆ ಹಾಕುತ್ತಲೇ ಇತ್ತು.